ಅವ್ವ ಬಂದಾಳ, ಸಂಕೇತ ಸಂಖ್ಯೆ ನಲವತ್ತೇಳು

ಪುಣೆಯಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ ಎಂದು ಕೇಳಿದರೆ ಕಾಡಪ್ಪನವರ ಉತ್ತರ ಸಿದ್ಧವಾಗಿತ್ತು: "ಮಾತಾಡೋರು ಲಕ್ಷ ಮಂದಿ ಅದಾರ್ರಿ. ಬಲ್ಲಾಂವ ಒಬ್ಬನ ಒಬ್ಬ." ಆ ಒಬ್ಬ ಯಾರೆಂದು ಎದುರಿನವರು ಕೇಳಲಿ ಎಂದು ಅವರು ಅರ್ಧ ನಿಮಿಷ ಕಾಯುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಅರ್ಧ ನಿಮಿಷವೆಂದರೆ ನಾಲ್ಕು ಲಾರಿ ಬೆಲ್ಲ ಇಳಿಸುವ ಹೊತ್ತು.

ಕಾಡಪ್ಪ ಅಲ್ಲಿಯ ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ, ಅಂದರೆ ದಲಾಲಿ ಮಂಡಿಯಲ್ಲಿ, ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಗೋಕಾಕದ ಕಡೆಯವರು. ಅವರು ಫೋನಿನಲ್ಲಿ ಒಮ್ಮೆ ಗದರಿದರೆ ಗೋಕಾಕದಲ್ಲಿ ಕೆಟ್ಟು ನಿಂತ ಲಾರಿ ತಾನಾಗಿಯೇ ಚಾಲೂ ಆಗುತ್ತಿತ್ತೆಂದು ಯಾರ್ಡಿನ ಜನ ಹೇಳುತ್ತಾರೆ. ಜನ ಹೇಳದಿದ್ದರೆ ನಾನು ಹೇಳುತ್ತಿದ್ದೇನೆ, ನಂಬಿ.

ಇಂಥ ಮನುಷ್ಯನನ್ನು ಸರ್ಕಾರ ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವೇನು? ಸಂಗತಿ ಇಷ್ಟೇ. ಯಾವ ರೋಗ ಎಲ್ಲಿ ಹಬ್ಬುತ್ತಿದೆ ಎಂಬುದನ್ನು ಒಂದೊಂದು ದವಾಖಾನೆ ಒಂದೊಂದು ರೀತಿ ಬರೆದಿಡುತ್ತಿತ್ತು. ಒಂದು ಕಡೆ 'ತಾಪ', ಇನ್ನೊಂದು ಕಡೆ 'ಜ್ವರ', ಮತ್ತೊಂದು ಕಡೆ 'ಬುಖಾರ್'. ಒಬ್ಬನೇ ಹಮಾಲ ಮೂರು ದವಾಖಾನೆ ಸುತ್ತಿದರೆ ಮೂವರು ರೋಗಿಗಳಾಗುತ್ತಿದ್ದ. ತಾರೀಖಿನಲ್ಲಿ ಒಬ್ಬರು ದಿನ ಮೊದಲು ಬರೆದರೆ ಇನ್ನೊಬ್ಬರು ತಿಂಗಳು ಮೊದಲು ಬರೆಯುತ್ತಿದ್ದರು. ಹೀಗಾಗಿ ಜೂನ್ ಮೂರಕ್ಕೆ ಹತ್ತಿದ ವಾಂತಿಭೇದಿ ಕಾಗದದ ಮೇಲೆ ಮಾರ್ಚ್ ಆರಕ್ಕೇ ವಾಸಿಯಾಗಿರುತ್ತಿತ್ತು. ಇದನ್ನೆಲ್ಲ ಒಂದೇ ನಮೂನೆಗೆ ತರಲು 'ರೋಗವಾರ್ತಾ ಏಕೀಕರಣ ಕೋಶ' ಎಂಬ ಕಚೇರಿ ಹುಟ್ಟಿತು. ಆ ಕಚೇರಿ 'ಏಕರೂಪ' ಎಂಬ ಯಂತ್ರವನ್ನು ಹಡೆಯಿತು. ಜನ ತಮ್ಮ ತಮ್ಮ ಭಾಷೆಯಲ್ಲಿ ಫೋನಿನಿಂದ ಸಂದೇಶ ಕಳಿಸಿದರೆ ಸಾಕು. ಏಕರೂಪ ಅದನ್ನು ಓದಿ, ರೋಗಕ್ಕೊಂದು ಸಂಕೇತ ಸಂಖ್ಯೆ ಕೊಟ್ಟು, ನಕಾಶೆಯ ಮೇಲೆ ಕೆಂಪು ಚುಕ್ಕೆ ಇಟ್ಟು, ಎಲ್ಲ ಕಚೇರಿಗಳಿಗೂ ಹಂಚಿಬಿಡುತ್ತಿತ್ತು. ಅದಕ್ಕೆ ಮರಾಠಿ ಬರುತ್ತಿತ್ತು, ಹಿಂದಿ ಬರುತ್ತಿತ್ತು. ಯಾರ್ಡಿನ ಹಮಾಲರ ಕನ್ನಡ ಬರುತ್ತಿರಲಿಲ್ಲ.

ಕಲಿಸಲು ಕಾಡಪ್ಪ ಹೋದರು. ನಾಲ್ಕು ತಿಂಗಳು, ಪ್ರತಿ ಶನಿವಾರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕೋಶದ ಅಧಿಕಾರಿ ಶೀತಲ್ ಮ್ಯಾಡಮ್ ಬರೆದುಕೊಳ್ಳುವುದು, ಇವರು ಕುರ್ಚಿಗೆ ಒರಗಿ ಕನ್ನಡಕ್ಕೆ ಮರಾಠಿ ಬೆರೆಸಿ ಅಪ್ಪಣೆ ಕೊಡಿಸುವುದು.

"ಬರಕೋರಿ ಮ್ಯಾಡಮ್, ನಲವತ್ತೇಳು. ಮೈಮ್ಯಾಲೆ ಸಿಡುಬಿನಂಥಾ ಗುಳ್ಳೆ ಎದ್ರ ನಮ್ಮ ಮಂದಿ ರೋಗದ ಹೆಸರ ಬಾಯಾಗ ತರೂದಿಲ್ಲ. 'ಅವ್ವ ಬಂದಾಳ' ಅಂತಾರ. ದೇವಿ ಮನಿಗೆ ಬಂದ್ಲು ಅಂತ, ಮರ್ಯಾದಿ. ನಲವತ್ತೆಂಟು, 'ಗಂಟು'. ಕಂಕುಳಾಗ, ಕುತ್ತಿಗ್ಯಾಗ ಬರೂ ಬಾವು. ಅರವತ್ತೊಂದು, 'ಭಾಳ'. ಅಂದ್ರ ತೀವ್ರ. ತೊಂಬತ್ತು, 'ಹೋದ್ಲು'. ಅಂದ್ರ ಸತ್ಲು. ನಾವು ಸತ್ರು ಅನ್ನೂದಿಲ್ಲ, ಹೋದ್ರು ಅಂತೀವಿ. ಅದು ಸಂಸ್ಕಾರ."

"ಎಷ್ಟು ನಾಜೂಕಿನ ಭಾಷೆ ಕಾಕಾ!" ಎಂದರು ಶೀತಲ್ ಮ್ಯಾಡಮ್ ಮರಾಠಿಯಲ್ಲಿ. ಕಾಡಪ್ಪ ಆ ಭಾಷೆಯನ್ನು ಹಿಂದಿನ ವಾರವೇ ತಾವು ಸಿದ್ಧಪಡಿಸಿದವರಂತೆ ತಲೆ ಬಾಗಿಸಿದರು.

ಕೊನೆಯ ಸಭೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಎದ್ದು, "ನಮೂನೆಯಲ್ಲಿ ರೋಗಿಯ ಸ್ಥಿತಿಗೆ ಮೂರೇ ಮನೆಗಳಿವೆಯಲ್ಲ: ಶಂಕಿತ, ಗುಣಮುಖ, ಮೃತ. 'ರೋಗವೇ ಇರಲಿಲ್ಲ' ಎಂದು ನಾಲ್ಕನೆಯದು ಬೇಡವೇ?" ಎಂದು ಕೇಳಿದರು. ಈ ಪ್ರಶ್ನೆಗೂ ಕಾಡಪ್ಪನವರಿಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಆದರೆ ಮೈಕು ಅವರ ಕೈಗೆ ಹತ್ತಿರವಿತ್ತು. "ರೋಗ ಇಲ್ಲದಾಂವ ರೋಗದ ಪಟ್ಟ್ಯಾಗ ಯಾಕ ಬರ್ತಾನ್ರಿ?" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾಲ್ಕನೆಯ ಮನೆ ಅಲ್ಲಿಯೇ ಬಿದ್ದುಹೋಯಿತು.

ಬೀಳ್ಕೊಡುವಾಗ ಒಂದು ಪ್ರಶಸ್ತಿಪತ್ರ ಕೊಟ್ಟರು. ಕಾಡಪ್ಪ 'ರೋಗಭಾಷಾ ತಜ್ಞ' ಎಂದು ಕಾರ್ಡು ಅಚ್ಚು ಹಾಕಿಸಿ ಬೆಲ್ಲದ ಪೆಂಟಿ ಒಯ್ಯುವವರಿಗೆಲ್ಲ ಒಂದೊಂದು ಹಂಚಿದರು. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ತಮ್ಮ ಫೋನಿನಲ್ಲಿದ್ದ ಯಾರ್ಡಿನ ಕನ್ನಡಿಗರ ಗುಂಪು 'ಗುಲ್ಟೇಕಡಿ ಕನ್ನಡ ಬಳಗ'ಕ್ಕೆ ಏಕರೂಪದ ನಂಬರನ್ನೂ ಸೇರಿಸಿದರು. ಇನ್ನೂರಾ ಹದಿನಾರು ಜನರ ಆ ಗುಂಪಿನಲ್ಲಿ ತಾವು ಬರೆದದ್ದನ್ನು ಒಬ್ಬರಾದರೂ ಪೂರ್ತಿ ಓದಲಿ ಎಂಬ ಆಸೆ.

ಏಕರೂಪ ಪೂರ್ತಿ ಓದುತ್ತಿತ್ತು. ಅಲ್ಲಿಂದಲೇ ಅನರ್ಥ ಶುರುವಾಯಿತು.

ಬುಧವಾರ ಬೆಳಗ್ಗೆ ಊರಿನಿಂದ ಕಾಡಪ್ಪನವರ ತಾಯಿ ಬಸವಣ್ಣೆವ್ವ ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿಳಿದರು. ವಯಸ್ಸು ಎಪ್ಪತ್ತೆಂಟು, ನಡಿಗೆ ಇಪ್ಪತ್ತೆಂಟು. ಶುಕ್ರವಾರ ಪುಣೆಯ ಹತ್ತಿರದ ಸಾಸವಡದಲ್ಲಿ ಮೊಮ್ಮಗಳು, ಅಂದರೆ ಕಾಡಪ್ಪನವರ ಮಗಳು, ಪೂರ್ವಾಳ ಕೂಸಿಗೆ ಹೆಸರಿಡುವ ಕಾರ್ಯ. ಮರಿಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳುವವಳು ತಾನೇ ಎಂದು ಮುದುಕಿ ಆರು ತಿಂಗಳ ಹಿಂದೆಯೇ, ಹುಟ್ಟುವುದು ಗಂಡೋ ಹೆಣ್ಣೋ ತಿಳಿಯುವ ಮೊದಲೇ, ಮಾತು ತೆಗೆದುಕೊಂಡಿದ್ದರು. ಜೊತೆಗೆ ಎರಡು ಗಂಟು. ಒಂದರಲ್ಲಿ ಶೇಂಗಾ ಹೋಳಿಗೆ. ಇನ್ನೊಂದರಲ್ಲಿ ತಮ್ಮ ಹಳೆಯ ಇಳಕಲ್ಲ ಸೀರೆಗಳಿಂದ ಹೊಲಿದ ಕೌದಿ. ಹೋಳಿಗೆಯ ಗಂಟನ್ನು ಇಳಿಸುವಾಗ ಬಸ್ಸು ಒಂದು ಗೇಣು ಮೇಲೆದ್ದಿತು.

ಕಾಡಪ್ಪ ಎತ್ತಲು ನೋಡಿದರು. ಸೊಂಟ ಕಟ್ ಎಂದಿತು. ಕೂಡಲೇ ಬಳಗದಲ್ಲಿ ಬರೆದರು:

"ಅವ್ವ ಬಂದಾಳ. ಎರಡು ಗಂಟು ಅದಾವ. ಭಾಳ ದೊಡ್ಡವು. ನನ್ನ ಕೈಲೆ ಆಗವಲ್ದು. ಯಾರರ ಲಗೂ ಬರ್ರಿ."

ಬಳಗದ ಮೂವರು ಕೈಮುಗಿದ ಚಿತ್ರ ಕಳಿಸಿದರು. ಒಬ್ಬ ಹೂವು ಕಳಿಸಿದ. ಯಾರೂ ಬರಲಿಲ್ಲ. ಏಕರೂಪ ಬಂತು.

ಮಧ್ಯಾಹ್ನ ಬಿಬವೇವಾಡಿಯ ಅಪಾರ್ಟ್‌ಮೆಂಟ್ ಸೊಸಾಯಿಟಿಯ ಅವರ ಮನೆಯಲ್ಲಿ ಬಸವಣ್ಣೆವ್ವ ಚಹಾದ ಬಟ್ಟಲು ಹಿಡಿದು ಸೊಸೆ ರೇಣುವಿನ ಮುಂದೆ ಕುಳಿತಿದ್ದರು. ಮಾತು ಹೆಸರಿನ ಸುತ್ತಲೇ.

"ಬೀಗತಿ ಏನೋ ಹೆಸರ ತಗದಾಳಂತಲ್ಲ, ಏನದು?"

"ಶನಾಯಾ ಅಂತ್ರಿ ಅತ್ತಿ."

"ಶನಿಯಾ? ಕೂಸಿಗೆ ಯಾರರ ಶನಿ ಹೆಸರ ಇಡ್ತಾರೇನ?" ಮುದುಕಿ ಬಟ್ಟಲು ಕುಕ್ಕಿದರು. ಆಮೇಲೆ ದನಿ ಇಳಿಯಿತು. "ನನ್ನ ಹೆಸರ ಇಟ್ಟಿದ್ರ ಛಲೋ ಇತ್ತು. ನಮ್ಮತ್ತಿ ಹೆಸರ ನನ್ನ ಮಗಳಿಗೆ ಇಟ್ಟೆ, ಆದ್ರ ಅತ್ತಿ ಹೋಗಿ ವರ್ಷಾಗಿತ್ತು. ಜೀವಂತ ಇದ್ದೋರ ಹೆಸರ ಕೂಸಿಗಿಡೂ ಪದ್ಧತಿ ನಮ್ಮನ್ಯಾಗಿಲ್ಲ. ನಾ ನೋಡಿದ್ರ ಇನ್ನೂ ಗಟ್ಟಿ ಅದೀನಿ. ಏನ ಮಾಡ್ಲಿ?"

ಅಷ್ಟರಲ್ಲಿ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟ ಶೀತಲ್ ಮ್ಯಾಡಮ್, ಹಿಂದೆ ಅಂಥದೇ ಇಬ್ಬರು, ಅವರ ಹಿಂದೆ ಹದಿನೆಂಟು ಮೆಟ್ಟಿಲು ದೂರದಲ್ಲಿ ಸೊಸಾಯಿಟಿಯ ಚೇರ್ಮನ್ ಮಾರ್ತಾಂಡರಾವ್. ಶೀತಲ್ ಮ್ಯಾಡಮ್‌ಗೆ ಕನ್ನಡದಲ್ಲಿ ಬರುತ್ತಿದ್ದದ್ದು ಕಾಡಪ್ಪ ಕಲಿಸಿದ ನೂರಾ ಹನ್ನೆರಡು ಪದ ಮಾತ್ರ. ಅವುಗಳಲ್ಲೇ ಮರ್ಯಾದೆಯಿಂದ ಮಾತು ಶುರು ಮಾಡಿದರು.

"ಅಜ್ಜಿ, ಜುಲಾಬ?"

"ಇಲ್ಲವ್ವಾ, ಚಹಾ ಕುಡಿಲಿಕತ್ತೀನಿ," ಎಂದರು ಬಸವಣ್ಣೆವ್ವ. "ನಿನಗ ಐತೇನ? ಜೀರಿಗಿ ಹುರದ ಕೊಡ್ಲೇನ?"

ಕಾಡಪ್ಪ ನಡುವೆ ನುಗ್ಗಿದರು. "ಮ್ಯಾಡಮ್, ಇಕಿ ನಮ್ಮವ್ವ ರೀ! ಖರೇ ಅವ್ವ! ಬಂದಾಳ ಅಂದ್ರ ಬಸ್ಸಿನ್ಯಾಗ ಬಂದಾಳ!"

ಶೀತಲ್ ಮ್ಯಾಡಮ್‌ಗೆ ಪಾಪ, ಅರ್ಥವಾಯಿತು. ಒಳ್ಳೆಯ ಹುಡುಗಿ. ಮುದುಕಿಯ ಮೈ ಕೈ ಪರೀಕ್ಷೆ ಮಾಡಿಸಿದರು. ಒಂದು ಗುಳ್ಳೆಯೂ ಇರಲಿಲ್ಲ. "ಕಾಕಾ, ನಾನು ಈಗಲೇ ತಿದ್ದುತ್ತೇನೆ," ಎಂದು ಕೈಯಲ್ಲಿದ್ದ ಪರದೆಯನ್ನು ಒತ್ತಿದರು. 'ಗುಳ್ಳೆಗಳ ಸಂಖ್ಯೆ' ಎಂಬಲ್ಲಿ ಸೊನ್ನೆ ಹಾಕಿದರು. ಏಕರೂಪ ಒಪ್ಪಲಿಲ್ಲ: ಕನಿಷ್ಠ ಒಂದು ಬೇಕು. ಸಿಕ್ಕ ಸಿಕ್ಕ ಕಡೆ ಹುಡುಕಿ, ಮೊಣಕೈ ಮೇಲೆ ಬಸ್ಸಿನಲ್ಲಿ ಕಚ್ಚಿದ ಸೊಳ್ಳೆಯ ಗುರುತು ಸಿಕ್ಕಾಗ ಎಲ್ಲರಿಗೂ ನಿರಾಳವಾಯಿತು. 'ಒಂದು' ಎಂದು ಬರೆದರು. ಮುಂದೆ 'ಗಂಟುಗಳು: ಎರಡು, ಗಾತ್ರ ಸೆಂಟಿಮೀಟರಿನಲ್ಲಿ'. ಬಿಟ್ಟು ಮುಂದೆ ಹೋಗಲು ಬರುತ್ತಿರಲಿಲ್ಲ. ಜೊತೆಗೆ ಬಂದಿದ್ದ ಪ್ರಾಮಾಣಿಕ ಮನುಷ್ಯನೊಬ್ಬ ಟೇಪು ತಂದು ಹೋಳಿಗೆ ಗಂಟನ್ನು ಅಳೆದ. ನಲವತ್ತೆಂಟು. ಕೌದಿ ಗಂಟು ಐವತ್ತೈದು.

ಐದೇ ನಿಮಿಷದಲ್ಲಿ ಮೇಲಿನ ಕಚೇರಿಯಿಂದ ಫೋನು ಬಂತು. ಅರ್ಧ ಮೀಟರಿನ ಬಾವು ಹೊತ್ತ ರೋಗಿ ಇನ್ನೂ ಜೀವಂತವಿದ್ದಾಳೆಯೇ? ಜಗತ್ತಿನಲ್ಲಿ ಇದೇ ಮೊದಲು! ಅವಳನ್ನು ಅಲುಗಾಡಿಸಬೇಡಿ!

"ಏನೂ ಆಗಿಲ್ಲ ಅಂತ ಬರೀರಿ!" ಎಂದು ಕಾಡಪ್ಪ ಕೂಗಿದರು.

"ಎಲ್ಲಿ ಬರೆಯಲಿ ಕಾಕಾ? ಶಂಕಿತ, ಗುಣಮುಖ, ಮೃತ. ಗುಣಮುಖ ಎನ್ನಲು ಇಪ್ಪತ್ತೊಂದು ದಿನ ಆಗಬೇಕು." ಶೀತಲ್ ಮ್ಯಾಡಮ್ ಪರದೆಯನ್ನು ಅವರತ್ತ ತಿರುಗಿಸಿ, "ನಾಲ್ಕನೆಯ ಮನೆ ಇಡೋಣ ಎಂದಿದ್ದರು ಒಬ್ಬರು. ನೀವೇ..." ಎಂದು ನಿಲ್ಲಿಸಿದರು.

ಕಾಡಪ್ಪನವರ ಸಿಟ್ಟು ನೆತ್ತಿಗೇರಿತು. ತನ್ನ ತಪ್ಪಿಗೆ ತಾನೇ ಸಿಕ್ಕಿಬಿದ್ದವನಿಗೆ ಬರುವಷ್ಟು ಧರ್ಮಯುದ್ಧದ ಸಿಟ್ಟು ಬೇರೆ ಯಾರಿಗೂ ಬರಲಾರದು. "ಒಂದು ಯಂತ್ರಕ್ಕ ನಮ್ಮವ್ವ ಯಾರು, ರೋಗ ಯಾವುದು ತಿಳಿಯೂದಿಲ್ಲೇನ್ರಿ? ಇದೇನ ರಾಜ್ಯೇನು? ನಾ ಮ್ಯಾಲಿನ ಕೋರ್ಟಿಗೆ ಹೋಗ್ತೀನಿ!"

"ಹೋಗಲು ಬರುವುದಿಲ್ಲ. ನೀವೂ ಸಂಪರ್ಕಿತರು," ಎಂದು ಶೀತಲ್ ಮ್ಯಾಡಮ್ ಅಳುಮೋರೆ ಮಾಡಿದರು. ಆಮೇಲೆ ಬಸ್ಸಿನಲ್ಲಿ ಯಾರ ಯಾರ ಜೊತೆ ಕುಳಿತಿದ್ದಿರಿ ಎಂದು ರೇಣುವಿನ ಮೂಲಕ ಬಸವಣ್ಣೆವ್ವನನ್ನು ಕೇಳಿಸಿದ್ದು ಆಕೆ ಮಾಡಿದ ಇನ್ನೊಂದು ತಪ್ಪು. ಮುದುಕಿ ಗೋಕಾಕದಿಂದ ಸ್ವಾರಗೇಟಿನವರೆಗೆ ಬಸ್ಸಿನ ನಲವತ್ತೆರಡೂ ಜನರಿಗೆ ಹೋಳಿಗೆ ಹಂಚಿದ್ದರು. ಯಾರ ಮಗ ಎಲ್ಲಿದ್ದಾನೆ, ಯಾರ ಸೊಸೆ ಬಸುರಿ, ಕಂಡಕ್ಟರನ ಅಳಿಯ ಯಾಕೆ ಮುನಿಸಿಕೊಂಡ, ಎಲ್ಲ ಬಾಯಿಪಾಠ. ಸಂಪರ್ಕಿತರ ಇಂಥ ಸಂಪೂರ್ಣ ಪಟ್ಟಿ ಮನುಕುಲದ ಚರಿತ್ರೆಯಲ್ಲೇ ಸಿಕ್ಕಿರಲಿಲ್ಲವಂತೆ. ಸಂಜೆಯ ಹೊತ್ತಿಗೆ ನಕಾಶೆಯಲ್ಲಿ ಪುಣೆಗೆ ಕೆಂಪು ಗಜ್ಜಿ ಎದ್ದಿತ್ತು.

ಗುರುವಾರ ಸುದ್ದಿ ಊರಾಯಿತು. ಮಾರ್ತಾಂಡರಾವ್ ಮೆಟ್ಟಿಲಿಗೆ ಅಡ್ಡಲಾಗಿ ಹಳದಿ ಪಟ್ಟಿ ಕಟ್ಟಿಸಿ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತರು.

"ಕಾಡಪ್ಪಾ, ನಿಯಮ ಮ್ಹಣಜೇ ನಿಯಮ!" ನಿಯಮವೆಂದರೆ ನಿಯಮ, ಎಂದರು ಮರಾಠಿಯಲ್ಲಿ.

"ನಿಮ್ಮ ನಾಯಿ ಲಿಫ್ಟಿನ್ಯಾಗ ಉಚ್ಚಿ ಹೊಯ್ದಾಗ ಎಲ್ಲಿ ಹೋಗಿತ್ರಿ ನಿಯಮ?"

"ನಾಯಿಗೆ ಸಂಕೇತ ಸಂಖ್ಯೆ ಇಲ್ಲ!"

ಬೆಲ್ಲದ ಸಾಹುಕಾರರು ಫೋನು ಮಾಡಿ ತಿಂಗಳು ಪೂರ್ತಿ ಅಂಗಡಿಯ ಕಡೆ ಮುಖ ಹಾಕಬೇಡಿ ಎಂದರು. ಹಾಲಿನವನು ಪಾಕೀಟುಗಳನ್ನು ಕೆಳಗಿನಿಂದಲೇ ಬಾಲ್ಕನಿಗೆ ಎಸೆದ. ಅವನ ಗುರಿ ಒಳ್ಳೆಯದಿತ್ತು, ಕಾಡಪ್ಪನವರ ಕೈ ಒಳ್ಳೆಯದಿರಲಿಲ್ಲ. ಇದನ್ನೆಲ್ಲ ಸಹಿಸಬಹುದಿತ್ತು. ಮಧ್ಯಾಹ್ನ ಸಾಸವಡದಿಂದ ಅಳಿಯ ವಿಕ್ರಮನ ಫೋನು ಬಂತು.

"ಮಾಮಾ, ಸಿಟ್ಟಾಗಬ್ಯಾಡ್ರಿ. ನಕಾಶ್ಯಾಗ ನಿಮ್ಮನಿ ಮ್ಯಾಲೆ ಕೆಂಪು ಚುಕ್ಕಿ ಕಾಣಸ್ತದ. ಹದಿಮೂರು ದಿನದ ಕೂಸು. ನೀವು ಯಾರೂ ಬರಬ್ಯಾಡ್ರಿ ಅಂತ ನಮ್ಮವ್ವ ಅಂತಾಳ."

ಹಿಂದಿನಿಂದ ಬೀಗತಿ ಸುಲಭಾಬಾಯಿಯ ದನಿ: "ಹೆಸರ ನಾವ ಇಡ್ತೀವಿ ಅಂತ ಹೇಳೋ! ಶನಾಯಾ!"

ಫೋನು ಇಟ್ಟ ಮೇಲೆ ಬಸವಣ್ಣೆವ್ವ ಕೌದಿಯ ಗಂಟು ಬಿಚ್ಚಿ, ಮಡಿಕೆ ತೆಗೆದು, ಮತ್ತೆ ಅದೇ ಮಡಿಕೆಗೆ ಮಡಚಿ ಕಟ್ಟಿದರು. ರೇಣು ಗಂಡನ ಕಡೆ ನೋಡಿದ ನೋಟಕ್ಕೆ ಬಾಲ್ಕನಿಯ ತುಳಸಿ ಬಾಡಿತು.

"ಬಲ್ಲಾಂವ ಒಬ್ಬನ ಅಲ್ರೀ?" ಎಂದಳು. "ಕರೀರಿ ಅವನ್ನ, ಏನರ ಮಾಡ್ಲಿ."

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಕಾಡಪ್ಪ ಸ್ನಾನ ಮುಗಿಸಿ ಬಂದಾಗ ಅವ್ವ ಇರಲಿಲ್ಲ. ಗಂಟುಗಳೂ ಇರಲಿಲ್ಲ. ಬಾಲ್ಕನಿಗೆ ಓಡಿದರು. ಬಸವಣ್ಣೆವ್ವ ಎರಡು ಕಂಕುಳಲ್ಲಿ ಎರಡು ಗಂಟು ಇಟ್ಟುಕೊಂಡು, ಹಳದಿ ಪಟ್ಟಿಯನ್ನು ಹೊಸ್ತಿಲಿನಂತೆ ದಾಟಿ, ನೇರವಾಗಿ ಮಾರ್ತಾಂಡರಾವ್ ಕಡೆ ನಡೆಯುತ್ತಿದ್ದರು. "ಆಜೀ, ಥಾಂಬಾ! ಥಾಂಬಾ!" ಎಂದು ನಿಲ್ಲಲು ಬೇಡಿಕೊಳ್ಳುತ್ತ ಚೇರ್ಮನ್ನರು ಹಿಂದೆ ಹಿಂದೆ ಸರಿದು, ಕುರ್ಚಿ ಬೀಳಿಸಿ, ನೀರಿನ ಟಾಕಿಯ ಏಣಿ ಹತ್ತಿಬಿಟ್ಟರು. ಆ ಏಣಿಯನ್ನು ದುರಸ್ತಿ ಮಾಡಿಸಬೇಕೆಂದು ಏಳು ವರ್ಷದಿಂದ ಠರಾವು ಪಾಸಾಗುತ್ತಿತ್ತು. ಅಂದು ಅದು ಮುರಿಯಲಿಲ್ಲ ಎಂಬುದೊಂದೇ ನನ್ನ ಬೇಸರ. ಮುದುಕಿ ರಿಕ್ಷಾ ಹತ್ತಿ ಸ್ವಾರಗೇಟಿಗೆ, ಅಲ್ಲಿಂದ ಸಾಸವಡದ ಬಸ್ಸಿಗೆ ಹೊರಟೇಬಿಟ್ಟರು.

ಕಾಡಪ್ಪ ಫೋನಿಗೆ ಕೈ ಹಾಕಿದರು. ಯಾರಾದರೂ ಸ್ವಾರಗೇಟಿನ ಹತ್ತಿರ ಇದ್ದರೆ ತಡೆಯಲಿ ಎಂದು ಬಳಗದಲ್ಲಿ ಬರೆದರು:

"ಅವ್ವ ಹೋದ್ಲು. ನನ್ನ ಮಾತ ಕೇಳದ ಹೋದ್ಲು."

ರೇಣು ಪಕ್ಕದಿಂದ ಓದಿದಳು. "ರೀ... ತೊಂಬತ್ತು ಯಾವ್ದಿತ್ತು?"

ಕಾಡಪ್ಪನವರ ಮುಖ ಬೆಲ್ಲದಿಂದ ಸಕ್ಕರೆಯ ಬಣ್ಣಕ್ಕೆ ತಿರುಗಿತು. ಅಳಿಸಲು ಹೋದರು. ಏಕರೂಪ ಆಗಲೇ ಓದಿ, ಹಂಚಿ, ಸಂತಾಪವನ್ನೂ ಕಳಿಸಿತ್ತು. ಮರುಕ್ಷಣ ಫೋನು.

"ಕಾಕಾ," ಎಂದರು ಶೀತಲ್ ಮ್ಯಾಡಮ್. "ಇದು ಹೇಗಾಯಿತು?"

"ನಡಕೋತ ಹೋದ್ಲು ರೀ! ಎರಡೂ ಗಂಟು ತಗೊಂಡು!"

"ಕೊನೆಯವರೆಗೂ ಎಷ್ಟು ಗಟ್ಟಿ ಜೀವ!"

"ಅಲ್ರೀ, ಅಕಿ ಸಾಸವಡಕ್ಕ ಹೋಗ್ಯಾಳ!"

"ಎಲ್ಲಿಗಾದರೂ ಹೋಗಿರಲಿ ಕಾಕಾ, ಎಲ್ಲರೂ ಒಂದು ದಿನ ಹೋಗುವವರೇ. ಧೈರ್ಯ ತಂದುಕೊಳ್ಳಿ. ಕಾಗದಪತ್ರದ ಚಿಂತೆ ಬೇಡ, ನಾನು ನೋಡಿಕೊಳ್ಳುತ್ತೇನೆ."

ನೋಡಿಕೊಂಡರು. ಪುಣೆಯಲ್ಲಿ ಒಬ್ಬರು ಸತ್ತ ಸುದ್ದಿಗೂ ಅವರ ಫ್ಲೆಕ್ಸ್ ಎದ್ದು ನಿಲ್ಲುವುದಕ್ಕೂ ನಡುವೆ ಎಷ್ಟು ಹೊತ್ತು ಬೇಕು? ಇಪ್ಪತ್ತು ನಿಮಿಷ. ಗೇಟಿನ ಮುಂದೆ ಹತ್ತಡಿ ಎತ್ತರದ 'ಭಾವಪೂರ್ಣ ಶ್ರದ್ಧಾಂಜಲಿ' ಎದ್ದಿತು. ಮುದುಕಿಯ ಫೋಟೋ ಸಿಗದ್ದರಿಂದ ಮಾರ್ತಾಂಡರಾವ್ ತಮ್ಮದನ್ನೇ ಎರಡು ಕಡೆ ಹಾಕಿಸಿದ್ದರು. ಟಾಕಿಯಿಂದ ಆಗಷ್ಟೇ ಇಳಿದಿದ್ದ ಅವರು ಭಾಷಣಕ್ಕೂ ನಿಂತರು.

"ಆಜಿ ದೇವಮಾಣುಸ್ ಹೋತ್ಯಾ!" ಅಜ್ಜಿ ದೇವರಂಥವರಾಗಿದ್ದರಂತೆ.

"ನಿಮ್ಮ ಕಣ್ಣ ಮುಂದನ ಹೋದ್ಲಲ್ರೀ ಈಗ, ರಿಕ್ಷಾದಾಗ!" ಎಂದು ಕಾಡಪ್ಪ ಬಾಲ್ಕನಿಯಿಂದ ಅರಚಿದರು.

ಮಾರ್ತಾಂಡರಾವ್ ಕಣ್ಣೊರೆಸಿಕೊಂಡರು. "ಬಘಾ, ದುಃಖಾನೇ ಕಾಯ್ ಝಾಲಂಯ!" ಹೆಂಗಸರು ದುಃಖದಿಂದ ಮನುಷ್ಯನಿಗೆ ಏನಾಗಿಹೋಯಿತು ನೋಡಿ ಎಂದು ಲೊಚಗುಟ್ಟಿದರು. ಯಾರೋ ಮಜ್ಜಿಗೆ ತಂದುಕೊಟ್ಟರು. ನಿನ್ನೆ ಹಾಲು ಎಸೆದವನು ಇಂದು ಎರಡೂ ಕೈಯಲ್ಲಿ ಪಾಕೀಟು ಹಿಡಿದು ಮೂರನೆಯ ಮಹಡಿಯವರೆಗೆ ಹತ್ತಿ ಬಂದ.

ಶೀತಲ್ ಮ್ಯಾಡಮ್ ಕಳಿಸಿದ ಕಾಗದ ಒಂಬತ್ತೂವರೆಗೆ ಬಂತು. ಮೊಹರು, ಸಹಿ, ಎಲ್ಲ ಇತ್ತು. 'ಪ್ರಕರಣ ಮುಕ್ತಾಯ. ಸಂಪರ್ಕಿತರು ಬಿಡುಗಡೆ. ಈ ವಿಳಾಸದಲ್ಲಿ ಸಕ್ರಿಯ ರೋಗಿಗಳು: ಸೊನ್ನೆ. ಫಲಿತಾಂಶ: ಮೃತ.' ನಕಾಶೆಯಲ್ಲಿ ಕೆಂಪು ಚುಕ್ಕೆ ಮಾಯ. ಕಾಡಪ್ಪ ಕಾಗದವನ್ನು ಚೂರು ಚೂರು ಮಾಡಲು ಎತ್ತಿದರು.

ರೇಣು ಕಸಿದುಕೊಂಡಳು. "ಹುಚ್ಚರಂಗ ಮಾಡಬ್ಯಾಡ್ರಿ. ಚಪ್ಪಲ್ಲಿ ಹಾಕೋರಿ. ಸಾಸವಡ!"

ಸಾಸವಡದಲ್ಲಿ ಬೀಗರ ಮನೆಯ ಅಂಗಳದ ಹೊರಗೆ, ಗೇಟಿನ ಕಟ್ಟೆಯ ಮೇಲೆ ಬಸವಣ್ಣೆವ್ವ ಕುಳಿತಿದ್ದರು. ಗೇಟಿಗೆ ಒಳಗಿನಿಂದ ಕೀಲಿ. ಪೂರ್ವಾ ಕೂಸನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಸುಲಭಾಬಾಯಿ ಗೇಟಿನ ಒಳಗೆ, ಸೊಂಟದ ಮೇಲೆ ಕೈ.

"ಕಾಗದ ತೋರಸ್ರಿ. ಸರ್ಕಾರ ಬ್ಯಾನಿ ಇಲ್ಲ ಅಂತ ಬರಕೊಟ್ರ ಕೀಲಿ ತಗೀತೀನಿ. ಸುಮ್ನ ಬಾಯಿಮಾತು ನಡಿಯೂದಿಲ್ಲ."

ರೇಣು ಕಾಗದ ಕೊಟ್ಟಳು. ವಿಕ್ರಮ ಗಟ್ಟಿಯಾಗಿ ಓದಿದ: "ಸಕ್ರಿಯ ರೋಗಿಗಳು, ಸೊನ್ನೆ." ಸುಲಭಾಬಾಯಿ ಅಷ್ಟಕ್ಕೇ ಕೀಲಿ ತೆಗೆದರು. ಕೊನೆಯ ಸಾಲನ್ನು ವಿಕ್ರಮ ಮನಸ್ಸಿನಲ್ಲೇ ಓದಿಕೊಂಡ. ಕಾಗದ ನೋಡಿದ. ಮುದುಕಿಯನ್ನು ನೋಡಿದ. ಬಾಯಿ ಮುಚ್ಚಿಕೊಂಡ. ಒಳ್ಳೆಯ ಅಳಿಯ.

ಬಸವಣ್ಣೆವ್ವ ಮಾತ್ರ ಬಿಡಲಿಲ್ಲ. "ಏನ ಬರದಾರಪಾ ಕೊನ್ಯಾಗ?"

"ಅದು... ಅಜ್ಜಿ... ನೀವು ಹೋಗೀರಿ ಅಂತ."

"ಎಲ್ಲಿಗೆ?"

"ಹೋಗೀರಿ ಅಂತ ರೀ. ಮ್ಯಾಲೆ."

ಮುದುಕಿ ಕಾಗದವನ್ನು ಕೈಗೆ ತೆಗೆದುಕೊಂಡು ಮೊಹರಿನ ಮೇಲೆ ಬೆರಳಾಡಿಸಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸರಸರನೆ ಒಳಗೆ ಹೋಗಿ, ತೊಟ್ಟಿಲಿಗೆ ಕೌದಿ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿ, ಕಿವಿಯ ಹತ್ತಿರ ಬಾಗಿದರು. ಪಿಸುಗುಟ್ಟಬೇಕಾದ ಹೆಸರನ್ನು ಊರಾಚೆಯ ಪುರಂದರದ ಕೋಟೆಗೆ ಕೇಳುವಂತೆ ಹೇಳಿದರು:

"ಬಸವಣ್ಣೆವ್ವ!"

ಸುಲಭಾಬಾಯಿ ಹೌಹಾರಿದರು. "ಅಯ್ಯ ಬೀಗತಿ! ಜೀವಂತ ಇರೋರ ಹೆಸರ ಇಡತಾರೇನ್ರಿ?"

"ಯಾರು ಜೀವಂತ?" ಬಸವಣ್ಣೆವ್ವ ಸೊಂಟದಿಂದ ಕಾಗದ ಎಳೆದು ಬೀಗತಿಯ ಮೂಗಿನ ಮುಂದೆ ಹಿಡಿದರು. "ಸಹಿ ಅದ, ಶಿಕ್ಕಾ ಅದ. ಇದ ಕಾಗದ ನೋಡೇ ಕೀಲಿ ತಗದೀರಿ. ಮ್ಯಾಲಿನ ಸಾಲ ಖರೇ, ಕೆಳಗಿನ ಸಾಲ ಸುಳ್ಳೇನು?"

ಸುಲಭಾಬಾಯಿ ಕಾಗದ ಓದಿದರು. ಇನ್ನೊಮ್ಮೆ ಓದಿದರು. ಕೊನೆಗೆ ಹೋಳಿಗೆಯ ಗಂಟು ಬಿಚ್ಚಲು ಕೂತರು. ಪೂರ್ವಾ ನಗುತ್ತ ತೊಟ್ಟಿಲು ತೂಗಿದಳು. ಕೂಸು, ತನ್ನ ಹೆಸರು ತಿಳಿದವಳಂತೆ, ಇಡೀ ಮನೆ ಬೆದರುವ ಹಾಗೆ ಒಂದು ಕೂಗು ಹಾಕಿತು.

ಎಲ್ಲರೂ ಹೋಳಿಗೆ ತಿನ್ನುತ್ತಿದ್ದರೂ ಕಾಡಪ್ಪನವರ ಸಿಟ್ಟು ಮಾತ್ರ ಇಳಿದಿರಲಿಲ್ಲ. ಮೂಲೆಯಲ್ಲಿ ನಿಂತು ಫೋನಿನ ಮೇಲೆ ಬೆರಳು ಕುಟ್ಟುತ್ತಿದ್ದರು. "ಬಿಡೂದಿಲ್ಲ! ನಾಲ್ಕನೇ ಮನಿ ಇಡಸ್ತೀನಿ. ಹೆತ್ತ ತಾಯಿನ್ನ ಕೊಲ್ತಾರೇನು? ಈಗಿಂದೀಗ ಬರೀತೀನಿ, ನಮ್ಮವ್ವ ಜೀವಂತ ಅದಾಳ ಅಂತ!"

ಬಸವಣ್ಣೆವ್ವ ಹೋಳಿಗೆಯ ಕೈಯಿಂದಲೇ ಮಗನ ಫೋನು ಮುಚ್ಚಿದರು.

"ಸುಮ್ನಿರೋ ಕಾಡ್ಯಾ. ಕೂಸಿನ ಜನ್ಮದ ದಾಖಲೆ ಹೆಸರ ಸಮೇತ ಕೈಗೆ ಬರಲಿ. ಅಲ್ಲೀತನಕ ನನ್ನ ಬದುಕಸಬ್ಯಾಡ."